ಗ್ಯಾಸೋ ಕರೆಂಟೋ? ಮೊದಲು ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ ಹೇಳಿ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ)

ಸಿಎನ್‌ಜಿ ಕಾರು ತಗೊಳ್ಳೋದಾ, ಕರೆಂಟಿನ ಕಾರು ತಗೊಳ್ಳೋದಾ ಎಂದು ಕೇಳುವವರಿಗೆ ಮರುಪ್ರಶ್ನೆ ಒಂದೇ. ನಿಮ್ಮ ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ? ಸ್ವಂತ ಕಾಂಪೌಂಡಿನ ಒಳಗೋ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲೋ, ಬಾಡಿಗೆ ಮನೆಯ ಮುಂದಿನ ರಸ್ತೆಯ ಮೇಲೋ? ಕಾರಿನ ಪಕ್ಕದಲ್ಲಿ ನಿಮ್ಮ ಮೀಟರಿಗೆ ಸೇರಿದ ಒಂದು ಪ್ಲಗ್ ಪಾಯಿಂಟ್ ಹಾಕಿಸಲು ಆಗುತ್ತದೆಯೇ, ಇಲ್ಲವೇ? ಇದಕ್ಕೆ ಉತ್ತರ ಸಿಕ್ಕಿದರೆ ಮುಕ್ಕಾಲು ಪಾಲು ತೀರ್ಮಾನ ಆದಂತೆಯೇ. ಉಳಿದ ಕಾಲು ಪಾಲಿಗಾಗಿ ಇವತ್ತಿನ ಮಾತು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಬೆಂಗಳೂರಿನಲ್ಲಿ 'ಗ್ಯಾಸ್ ಆಟೋ' ಎಂದರೆ ಹೆಚ್ಚಾಗಿ ಎಲ್‌ಪಿಜಿ ಆಟೋ. ಅದು ಅಡುಗೆಮನೆಯ ಸಿಲಿಂಡರಿನ ಜಾತಿಯದೇ, ಪ್ರೊಪೇನ್ ಮತ್ತು ಬ್ಯೂಟೇನ್ ಬೆರಕೆ. ಎಂಟು ಹತ್ತು ಬಾರ್ ಒತ್ತಡದೊಳಗೇ ದ್ರವವಾಗಿಬಿಡುತ್ತದೆ. ಗಾಳಿಗಿಂತ ಭಾರ, ಹಾಗಾಗಿ ಸೋರಿದರೆ ನೆಲದ ಮೇಲೆ ಹರಡಿ ಚರಂಡಿ, ಬೇಸ್‌ಮೆಂಟು ಸೇರುತ್ತದೆ. ಸಿಎನ್‌ಜಿ ಎಂದರೆ ಒತ್ತಿ ತುಂಬಿದ ನೈಸರ್ಗಿಕ ಅನಿಲ, ಬೇರೆಯೇ ವಸ್ತು, ಬಹುಪಾಲು ಮೀಥೇನ್. ಎಷ್ಟು ಒತ್ತಿದರೂ ನಮ್ಮ ಹವೆಯಲ್ಲಿ ದ್ರವ ಆಗುವುದಿಲ್ಲ. ಅದಕ್ಕೇ 200 ಬಾರ್ ಒತ್ತಡದಲ್ಲಿ ಅನಿಲವಾಗಿಯೇ ತುಂಬಬೇಕು. ಗಾಳಿಯ ಅರ್ಧದಷ್ಟೇ ತೂಕ ಇರುವುದರಿಂದ ಸೋರಿದರೆ ಮೇಲಕ್ಕೆ ಹೋಗುತ್ತದೆ. ಕಾರಿನ ಟೈರಿಗೆ ನಾವು ಹಾಕಿಸುವ ಗಾಳಿ ಎರಡೂ ಚಿಲ್ಲರೆ ಬಾರ್. 200 ಬಾರ್ ಎಂದರೆ ಎಷ್ಟು ಎಂಬ ಅಂದಾಜು ಅದರಿಂದಲೇ ಸಿಗುತ್ತದೆ.

ಅನಿಲದಿಂದ ಗಾಡಿ ಓಡಿಸುವುದು ನಮಗೆ ಹೊಸದಲ್ಲ. ಎರಡನೇ ಮಹಾಯುದ್ಧದ ಪೆಟ್ರೋಲ್ ಬರದಲ್ಲಿ ಬಸ್ಸಿನ ಹಿಂದೆ ಒಲೆ ಕಟ್ಟಿಕೊಂಡು ಇದ್ದಿಲು ಗ್ಯಾಸಿನಲ್ಲಿ ಓಡಿಸಿದ ಕಾಲವೂ ಇತ್ತು. ಆದರೆ ಸಿಎನ್‌ಜಿಗೆ ಇಂದಿನ 'ಶುದ್ಧ ಇಂಧನ'ದ ಹೆಸರು ಬಂದದ್ದು ದೆಹಲಿಯಿಂದ. 1998ರ ಜುಲೈ 28ರಂದು ಸುಪ್ರೀಂ ಕೋರ್ಟು ಅಲ್ಲಿನ ಬಸ್ಸುಗಳೆಲ್ಲ ಸಿಎನ್‌ಜಿಗೆ ಬದಲಾಗಬೇಕೆಂದು ಆದೇಶಿಸಿತು. 2002 ಮುಗಿಯುವ ಹೊತ್ತಿಗೆ ನಗರದ ಡೀಸೆಲ್ ಬಸ್ಸುಗಳು ಹೋದವು. ಅಲ್ಲಿ ಹೋರಾಟ ಇದ್ದದ್ದು ಕರಿ ಹೊಗೆಯ ವಿರುದ್ಧ, ಇಂಗಾಲದ ಡೈಆಕ್ಸೈಡಿನ ವಿರುದ್ಧ ಅಲ್ಲ. ಮೀಥೇನ್ ಉರಿದರೆ ಮಸಿ ಇಲ್ಲವೆಂಬಷ್ಟು ಕಡಿಮೆ, ಇದು ನಿಜ. ಅಷ್ಟನ್ನೇ ಹಿಡಿದುಕೊಂಡು ಅದನ್ನು ಹವಾಮಾನಕ್ಕೂ ಮದ್ದು ಎನ್ನುವುದು ಬೇರೆ ಮಾತು. ಅದನ್ನು ಲೆಕ್ಕ ಹಾಕಿಯೇ ನೋಡಬೇಕು.

ಒಂದು ಕಿಲೋ ಗ್ಯಾಸು ಎಷ್ಟು ದೂರ ಒಯ್ಯುತ್ತದೆ?

ಕರ್ನಾಟಕಕ್ಕೆ ನೈಸರ್ಗಿಕ ಅನಿಲ ಬರುವ ಎರಡು ದೊಡ್ಡ ದಾರಿಗಳಿವೆ. ಒಂದು ಮಹಾರಾಷ್ಟ್ರದ ದಾಭೋಲ್‌ನಿಂದ ಬೆಂಗಳೂರಿಗೆ ಬರುವ ಸುಮಾರು ಸಾವಿರ ಕಿಲೋಮೀಟರಿನ, ಕೇಂದ್ರದ ಅನಿಲ ಕಂಪನಿ ಗೇಲ್‌ನ ಪೈಪ್‌ಲೈನ್. ಇದರಲ್ಲಿ 2013ರಿಂದ ಅನಿಲ ಹರಿಯುತ್ತಿದೆ. ಇನ್ನೊಂದು 2021ರ ಜನವರಿಯಲ್ಲಿ ಉದ್ಘಾಟನೆಯಾದ 450 ಕಿಲೋಮೀಟರಿನ ಕೊಚ್ಚಿ–ಮಂಗಳೂರು ಮಾರ್ಗ. ದಾಭೋಲ್, ಕೊಚ್ಚಿ ಎರಡೂ ಕಡೆ ಹಡಗಿನಲ್ಲಿ ಬಂದ ದ್ರವೀಕೃತ ಅನಿಲವನ್ನು ಇಳಿಸಿಕೊಳ್ಳುವ ಟರ್ಮಿನಲ್‌ಗಳಿವೆ. ದೇಶದಲ್ಲಿ ಬಳಸುವ ಅನಿಲದ ಹೆಚ್ಚುಕಡಿಮೆ ಅರ್ಧ ಹೊರಗಿನಿಂದ ಬರುವಂಥದ್ದು. 'ಪೆಟ್ರೋಲ್ ಆಮದು, ಗ್ಯಾಸು ಸ್ವದೇಶಿ' ಎಂಬ ಮಾತು ಅರ್ಧ ಸತ್ಯ ಅನ್ನುವುದು ಅಕ್ಷರಶಃ ನಿಜ.

ಈಗ ಬೆಂಗಳೂರಿನ ಯಲಹಂಕಕ್ಕೆ ಬನ್ನಿ. ಅಲ್ಲಿ ರಾಜ್ಯದ ವಿದ್ಯುತ್ ನಿಗಮ ಕೆಪಿಸಿಎಲ್‌ನ 370 ಮೆಗಾವ್ಯಾಟ್ ಅನಿಲ ವಿದ್ಯುತ್ ಸ್ಥಾವರ ಇದೆ, 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾದದ್ದು. ಗೇಲ್ ಪೈಪಿನ ಅನಿಲವೇ ಅಲ್ಲಿಗೂ ಹೋಗುತ್ತದೆ, ಸಿಎನ್‌ಜಿ ಬಂಕಿಗೂ ಬರುತ್ತದೆ. ಹಾಗಾದರೆ ಒಂದು ಕಿಲೋ ಅನಿಲವನ್ನು ಕಾರಿನೊಳಗೆ ಸುಟ್ಟರೆ ಲಾಭವೋ, ಸ್ಥಾವರದಲ್ಲಿ ಸುಟ್ಟು ಕರೆಂಟು ಮಾಡಿ ಕಾರಿಗೆ ಕೊಟ್ಟರೆ ಲಾಭವೋ?

ಒಂದು ಕಿಲೋ ಅನಿಲದಲ್ಲಿ ಸುಮಾರು 13 ಯೂನಿಟ್ ಶಕ್ತಿ ಇದೆ. ಯೂನಿಟ್ ಎಂದರೆ ನಿಮ್ಮ ಕರೆಂಟ್ ಬಿಲ್ಲಿನ ಯೂನಿಟ್ಟೇ, ಬೇರೇನಲ್ಲ. ಸಣ್ಣ ಸಿಎನ್‌ಜಿ ಕಾರು ಊರೊಳಗಿನ ಓಡಾಟದಲ್ಲಿ ಕಿಲೋಗೆ 25 ಕಿಲೋಮೀಟರ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ಕಂಪನಿಯ ಕಾಗದದಲ್ಲಿ 34 ಅಂತ ಇರುತ್ತದೆ, ಅದು ಪ್ರಯೋಗಶಾಲೆಯ ಲೆಕ್ಕ. ಯಲಹಂಕದ್ದು ಕಂಬೈನ್ಡ್ ಸೈಕಲ್ ಸ್ಥಾವರ. ಮೊದಲು ಗ್ಯಾಸ್ ಟರ್ಬೈನು ತಿರುಗುತ್ತದೆ, ಅದು ಬಿಟ್ಟ ಬಿಸಿ ಹೊಗೆಯಿಂದ ಉಗಿ ಮಾಡಿ ಎರಡನೆಯ ಟರ್ಬೈನು ತಿರುಗಿಸುತ್ತಾರೆ. ಈ ಬಗೆಯ ಸ್ಥಾವರಗಳಲ್ಲಿ ಅರ್ಧದಷ್ಟು ಶಕ್ತಿ ಕರೆಂಟಾಗುತ್ತದೆ, ಅಂದರೆ ಆರೂವರೆ ಯೂನಿಟ್. ತಂತಿಯಲ್ಲಿ ಬರುವಾಗ ನೂರಕ್ಕೆ ಹದಿನೈದು ಹೋಯಿತೆನ್ನಿ, ಮನೆಗೆ ತಲುಪುವುದು ಐದೂವರೆ. ಚಾರ್ಜರು, ಬ್ಯಾಟರಿಯ ಬಿಸಿಯಲ್ಲಿ ಇನ್ನು ಸ್ವಲ್ಪ ಕಳೆದರೆ ಬ್ಯಾಟರಿಯಿಂದ ಹೊರಬರುವುದು 4.8. ಸಣ್ಣ ಇವಿ, ಅಂದರೆ ಕರೆಂಟಿನ ಕಾರು, ಕಿಲೋಮೀಟರಿಗೆ 0.12 ಯೂನಿಟ್ ತಿನ್ನುತ್ತದೆ. ಭಾಗಿಸಿ ನೋಡಿ, 40 ಕಿಲೋಮೀಟರ್.

25 ಎಲ್ಲಿ, 40 ಎಲ್ಲಿ! ಅದೇ ಗ್ಯಾಸು, ಅದೇ ಪೈಪು. ಕಾರಿನ ಎಂಜಿನ್ನು ಚಿಕ್ಕದು, ಸಿಗ್ನಲ್ಲಿನಲ್ಲಿ ನಿಂತರೂ ಉರಿಯುತ್ತದೆ, ಶಕ್ತಿಯ ಕಾಲು ಭಾಗವನ್ನಷ್ಟೇ ಚಕ್ರಕ್ಕೆ ಕೊಡುತ್ತದೆ. ಮುಖ್ಯ ಕಾರಣ ಇದೇ. ಜೊತೆಗೆ ಬಂಕಿನ ಕಂಪ್ರೆಸರು ಅನಿಲವನ್ನು ಒತ್ತಿ ತುಂಬಲು ಕಿಲೋಗೆ ಕಾಲು ಯೂನಿಟ್ಟಿನಷ್ಟು ಕರೆಂಟನ್ನೂ ತಿನ್ನುತ್ತದೆ. ಒಂದು ಮಾತು ಮಾತ್ರ ಸೇರಿಸಬೇಕು. ಸ್ಥಾವರ ಹಳೆಯದಾಗಿದ್ದು ಮೂರರಲ್ಲಿ ಒಂದು ಪಾಲನ್ನಷ್ಟೇ ಕರೆಂಟು ಮಾಡುವಂತಿದ್ದರೆ ಈ 40 ಇಳಿದು 27ರ ಹತ್ತಿರ ಬರುತ್ತದೆ, ಆಗ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ.

'ಕರೆಂಟು ಕಲ್ಲಿದ್ದಲಿನದು ತಾನೆ?'

ಹೌದು, ಬಹುಪಾಲು. ದೇಶದ ಗ್ರಿಡ್ಡಿನ ಸರಾಸರಿ ನೋಡಿದರೆ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್. ಇವಿಯ ಕಿಲೋಮೀಟರಿಗೆ ಪ್ಲಗ್ಗಿನಲ್ಲಿ 0.14 ಯೂನಿಟ್, ತಂತಿಯ ನಷ್ಟ ಸೇರಿಸಿ ಸ್ಥಾವರದಲ್ಲಿ 0.16. ಅಂದರೆ ಕಿಲೋಮೀಟರಿಗೆ 110 ಗ್ರಾಂ ಚಿಲ್ಲರೆ. ಸಿಎನ್‌ಜಿ ಕಡೆ ಒಂದು ಕಿಲೋ ಮೀಥೇನ್ ಉರಿದರೆ 2.75 ಕಿಲೋ ಡೈಆಕ್ಸೈಡ್. 25ರಿಂದ ಭಾಗಿಸಿದರೆ ಅದೂ 110 ಗ್ರಾಂ. ತಕ್ಕಡಿ ಸಮ! ಇದನ್ನು ಇವಿ ಅಭಿಮಾನಿಗಳು ಒಪ್ಪುವುದಿಲ್ಲ, ಲೆಕ್ಕ ಒಪ್ಪುತ್ತದೆ.

ಆದರೆ ತಕ್ಕಡಿ ಸಮವಾಗಿ ನಿಲ್ಲುವುದಿಲ್ಲ. ಸುಡದೆ ಸೋರಿದ ಮೀಥೇನ್, ನೂರು ವರ್ಷದ ಲೆಕ್ಕದಲ್ಲಿ, ಡೈಆಕ್ಸೈಡಿಗಿಂತ ಸುಮಾರು ಮೂವತ್ತು ಪಟ್ಟು ಬಿಸಿ ಹಿಡಿಯುತ್ತದೆ. ಇಪ್ಪತ್ತು ವರ್ಷದ ಲೆಕ್ಕ ಹಾಕಿದರೆ ಎಂಬತ್ತು ಪಟ್ಟು. ಬಾವಿಯಿಂದ ಕಾರಿನವರೆಗೆ ನೂರರಲ್ಲಿ ಒಂದು ಪಾಲು ಸೋರಿದರೂ ನಮ್ಮ 110ಕ್ಕೆ ಇನ್ನೊಂದು 12 ಗ್ರಾಂ ಸೇರುತ್ತದೆ. ಇನ್ನು ಇವಿಯ ಕಡೆ ಬ್ಯಾಟರಿ ಮಾಡುವಾಗಿನ ಹೊಗೆ, ಕಲ್ಲಿದ್ದಲು ಅಗೆದು ಸಾಗಿಸುವ ಹೊಗೆ ಸೇರಿಸಬೇಕು, ಅದನ್ನೂ ಮುಚ್ಚಿಡಬಾರದು. ನಿಜವಾದ ವ್ಯತ್ಯಾಸ ಇರುವುದು ಕಾಲದಲ್ಲಿ. ಇವತ್ತು ಕೊಂಡ ಸಿಎನ್‌ಜಿ ಕಾರು ಹತ್ತು ವರ್ಷದ ನಂತರವೂ ಅಷ್ಟೇ ಹೊಗೆ ಬಿಡುತ್ತದೆ. ಇವಿಯ ಹೊಗೆ ಗ್ರಿಡ್ಡಿನ ಜೊತೆ ಇಳಿಯುತ್ತದೆ. ಪಾವಗಡದಲ್ಲಿ 2,000 ಮೆಗಾವ್ಯಾಟ್ ಸೋಲಾರ್ ಪಾರ್ಕು ಇರುವ, ಶರಾವತಿಯ ನೀರಿನ ಕರೆಂಟು ಇರುವ ರಾಜ್ಯದಲ್ಲಿ ಮಧ್ಯಾಹ್ನ ಚಾರ್ಜಿಗೆ ಹಾಕುವುದಕ್ಕೂ ರಾತ್ರಿ ಹಾಕುವುದಕ್ಕೂ ಈಗಲೇ ವ್ಯತ್ಯಾಸ ಇದೆ. ಸಿಎನ್‌ಜಿಗೂ ಒಂದು ಹಸಿರು ದಾರಿ ಇಲ್ಲದಿಲ್ಲ. ಸೆಗಣಿ, ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲು ಸೋಸಿ ಉಳಿದ ಪ್ರೆಸ್‌ಮಡ್, ಊರಿನ ಹಸಿ ಕಸದಿಂದ ಬರುವ ಗೋಬರ್ ಗ್ಯಾಸನ್ನು ಶುದ್ಧ ಮಾಡಿ ಅದೇ ಸಿಲಿಂಡರಿಗೆ ತುಂಬಬಹುದು. ಕೇಂದ್ರ ಸರ್ಕಾರ 2018ರಲ್ಲಿ 'ಸತತ್' ಯೋಜನೆ ತಂದದ್ದು ಇದಕ್ಕೇ. ಸಕ್ಕರೆ ಕಾರ್ಖಾನೆಗಳಿರುವ ಮಂಡ್ಯ, ಬೆಳಗಾವಿ ಕಡೆ ಇದು ಅರ್ಥಪೂರ್ಣ. ನಗರದ ಲಕ್ಷಾಂತರ ಕಾರುಗಳಿಗೆ ಸಾಲುವಷ್ಟು ಸೆಗಣಿ ಇಲ್ಲ.

ರೊಕ್ಕದ ಲೆಕ್ಕ

ದರ ತಿಂಗಳಿಗೊಮ್ಮೆ ಬದಲಾಗುತ್ತದೆ, ಹಾಗಾಗಿ ಇಲ್ಲಿ ಹೇಳುವುದು ಲೆಕ್ಕದ ದಾರಿ. ನಿಮ್ಮೂರಿನ ಅಂಕಿ ಹಾಕಿಕೊಳ್ಳಿ. ಸಿಎನ್‌ಜಿ ಕಿಲೋಗೆ 90 ರೂಪಾಯಿ ಎಂದರೆ ಕಿಲೋಮೀಟರಿಗೆ 3.60. ಮನೆಯ ಕರೆಂಟು ಎಲ್ಲ ಸೇರಿ ಯೂನಿಟ್ಟಿಗೆ 7 ರೂಪಾಯಿ ಎಂದರೆ ಕಿಲೋಮೀಟರಿಗೆ ಹೆಚ್ಚುಕಡಿಮೆ ಒಂದು ರೂಪಾಯಿ. ಹೊರಗಿನ ಫಾಸ್ಟ್ ಚಾರ್ಜರಿನಲ್ಲಿ ಜಿಎಸ್‌ಟಿ ಸೇರಿ ಯೂನಿಟ್ಟಿಗೆ 24 ರೂಪಾಯಿ ಎಂದರೆ ಕಿಲೋಮೀಟರಿಗೆ 3.10.

ಒಂದೇ ಅಳತೆಯ ಸಿಎನ್‌ಜಿ ಕಾರಿಗಿಂತ ಇವಿ ಎರಡು ಲಕ್ಷ ಹೆಚ್ಚು ಎಂದಿಟ್ಟುಕೊಳ್ಳೋಣ. ಮನೆಯಲ್ಲೇ ಚಾರ್ಜ್ ಮಾಡುವವರಿಗೆ ಕಿಲೋಮೀಟರಿಗೆ 2.60 ಉಳಿತಾಯ, 77,000 ಕಿಲೋಮೀಟರಿಗೆ ಆ ಎರಡು ಲಕ್ಷ ವಾಪಸ್. ವರ್ಷಕ್ಕೆ ಮುನ್ನೂರು ದಿನದ ಲೆಕ್ಕದಲ್ಲಿ, ದಿನಕ್ಕೆ 40 ಕಿಲೋಮೀಟರ್ ಓಡಿಸುವ ಆಫೀಸಿನವರಿಗೆ ಆರೂವರೆ ವರ್ಷ ಬೇಕು, ದಿನಕ್ಕೆ ನೂರು ಓಡಿಸುವವರಿಗೆ ಎರಡೂವರೆ ವರ್ಷ ಸಾಕು. ಪೂರ್ತಿ ಹೊರಗಿನ ಚಾರ್ಜರನ್ನೇ ನಂಬಿದವರಿಗೆ ಉಳಿಯುವುದು ಕಿಲೋಮೀಟರಿಗೆ 50 ಪೈಸೆ. ನಾಲ್ಕು ಲಕ್ಷ ಕಿಲೋಮೀಟರ್ ಓಡಿಸಬೇಕು, ಅಷ್ಟರಲ್ಲಿ ಕಾರೇ ಮುಗಿದಿರುತ್ತದೆ. ಸಂಬಳದವರು ರಸ್ತೆ ಬದಿ ಕಾರು ನಿಲ್ಲಿಸಿಕೊಂಡು ಇವಿ ಕೊಂಡು ಪೇಚಾಡುವುದು ಈ ಒಂದು ಲೆಕ್ಕ ಹಾಕದೆ. ಇವಿಗೆ ಜಿಎಸ್‌ಟಿ ಶೇಕಡ 5, ಸಣ್ಣ ಸಿಎನ್‌ಜಿ ಕಾರಿಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡ 18. ಮೊದಲು 28 ಇತ್ತು. ಆ ಇಳಿಕೆಯಿಂದ ಬೆಲೆಯ ಅಂತರ ಸಿಎನ್‌ಜಿ ಕಡೆಗೆ ಸ್ವಲ್ಪ ವಾಲಿದೆ.

ಸಿಎನ್‌ಜಿ ಕಾರಿನಲ್ಲಿ ಕೆಡುವುದು ಏನು, ಏಕೆ

ಡಿಕ್ಕಿಯಲ್ಲಿ ಕೂರುವ ಸಾಮಾನ್ಯ ಸಿಲಿಂಡರು 60 ಲೀಟರಿನದು, ನೀರು ತುಂಬಿದರೆ ಹಿಡಿಯುವ ಅಳತೆ ಅದು. ಉಕ್ಕಿನದಾದರೆ ಖಾಲಿ ತೂಕವೇ ಸುಮಾರು 60 ಕಿಲೋ. ಅಂದರೆ ಒಬ್ಬ ಪ್ರಯಾಣಿಕ ಸದಾ ಡಿಕ್ಕಿಯಲ್ಲಿ ಕೂತಂತೆ. ಟಾಟಾದವರು 30 ಲೀಟರಿನ ಎರಡು ಸಿಲಿಂಡರುಗಳನ್ನು ಡಿಕ್ಕಿಯ ನೆಲದಡಿ ಮಲಗಿಸಿ ಸಾಮಾನಿಗೆ ಜಾಗ ಉಳಿಸಿದರು, ಹ್ಯುಂಡೈ ಕೂಡ ಅದೇ ದಾರಿ ಹಿಡಿಯಿತು. ಒಳ್ಳೆಯ ಬುದ್ಧಿ. ಸ್ಟೆಪ್ನಿ ಎಲ್ಲಿ ಹೋಯಿತು, ಪಂಕ್ಚರ್ ಆದಾಗ ಹೇಗೆ ತೆಗೆಯಬೇಕು ಎಂಬುದನ್ನು ಶೋರೂಮಿನಲ್ಲೇ ಮಾಡಿ ತೋರಿಸಲು ಹೇಳಿ.

60 ಲೀಟರಿಗೆ ಲೆಕ್ಕದ ಪ್ರಕಾರ ಒಂಬತ್ತು ಕಿಲೋ ಮೇಲೆ ಹೋಗಬೇಕು. ಬಂಕಿನಲ್ಲಿ ಎಂಟು, ಕೆಲವೊಮ್ಮೆ ಏಳೇ ಹೋಗುತ್ತದೆ. ಮೋಸ ಅಂತ ಜಗಳ ಶುರು. ಮೀಟರು ಅಳೆಯುವುದು ತೂಕವನ್ನೇ, ಹಾಗಾಗಿ ನೀವು ಕೊಟ್ಟ ದುಡ್ಡಿಗೆ ಅಷ್ಟು ಗ್ಯಾಸು ಬಂದಿದೆ. ತುಂಬಿಲ್ಲದಿರಲು ಕಾರಣ ಎರಡು. ಬೇಗ ತುಂಬುವಾಗ ಅನಿಲ ಒತ್ತಡಕ್ಕೆ ಸಿಕ್ಕಿ ಸಿಲಿಂಡರಿನೊಳಗೆ 30–40 ಡಿಗ್ರಿ ಬಿಸಿ ಏರುತ್ತದೆ. ಬಿಸಿಯಲ್ಲಿ ಮುಳ್ಳು 200 ಮುಟ್ಟಿತು, ಪಂಪು ನಿಂತಿತು. ರಾತ್ರಿ ತಣ್ಣಗಾದ ಮೇಲೆ ನೋಡಿದರೆ 180, ಇಲ್ಲವೇ ಅದಕ್ಕೂ ಕೆಳಗೆ. ಎರಡನೆಯದು ಬಂಕಿನ ಜಾತಿ. ಪೈಪ್‌ಲೈನಿಗೇ ಕೂಡಿಕೊಂಡ ಬಂಕಿನಲ್ಲಿ ಕಂಪ್ರೆಸರು ಅಲ್ಲೇ ಒತ್ತುತ್ತಿರುತ್ತದೆ. ಪೈಪ್ ಮುಟ್ಟದ ಊರಿನ ಬಂಕಿಗೆ ಲಾರಿಯ ಮೇಲೆ ಸಿಲಿಂಡರ್ ಗೊಂಚಲು ಬರುತ್ತದೆ, ಇದಕ್ಕೆ ಕ್ಯಾಸ್ಕೇಡ್ ಎನ್ನುತ್ತಾರೆ. ನಾಲ್ಕು ಕಾರು ತುಂಬುವಷ್ಟರಲ್ಲಿ ಅದರ ಒತ್ತಡ ಬೀಳುತ್ತದೆ, ಒತ್ತಡ ಮತ್ತೆ ಏರಿಸುವ ಬೂಸ್ಟರ್ ಇಲ್ಲದಿದ್ದರೆ ನಿಮ್ಮ ಕಾರಿಗೆ 140ಕ್ಕೇ ಮುಗಿಯುತ್ತದೆ. ಆದ್ದರಿಂದ ಕೊಳ್ಳುವ ಮುಂಚೆ ನಿಮ್ಮ ಹತ್ತಿರದ ಬಂಕು ಪೈಪಿನದೋ ಲಾರಿಯದೋ ವಿಚಾರಿಸಿ, ಬೆಳಿಗ್ಗೆ ಬೇಗ, ಬಿಸಿಲಿಲ್ಲದ ಹೊತ್ತಿನಲ್ಲಿ ತುಂಬಿಸಿ.

ಸಿಲಿಂಡರಿನಿಂದ ಉಕ್ಕಿನ ಸಣ್ಣ ಪೈಪಿನಲ್ಲಿ ಬಂದ ಅನಿಲ ಮೊದಲು ಸೇರುವುದು ರೆಡ್ಯೂಸರಿಗೆ. ಅಲ್ಲಿ 200 ಬಾರ್ ಇದ್ದದ್ದು ಕೆಲವೇ ಬಾರ್ ಒತ್ತಡಕ್ಕೆ ಇಳಿಯುತ್ತದೆ. ಹಾಗೆ ಇಳಿಯುವಾಗ ಅನಿಲ ವಿಪರೀತ ತಣ್ಣಗಾಗುತ್ತದೆ, ರೆಡ್ಯೂಸರಿನ ಮೈಮೇಲೆ ಹಿಮ ಕಟ್ಟುವಷ್ಟು. ಅದನ್ನು ತಡೆಯಲು ರೇಡಿಯೇಟರಿನ ಬಿಸಿ ನೀರನ್ನು ಅದರೊಳಗೆ ಹಾಯಿಸಿರುತ್ತಾರೆ. ಕೂಲಂಟ್ ಕಡಿಮೆಯಾದರೆ ಬಿಸಿ ನೀರು ಅಲ್ಲಿಗೆ ತಲುಪುವುದಿಲ್ಲ, ಗಾಡಿ ಏರಿನಲ್ಲಿ ಜರ್ಕ್ ಹೊಡೆದು ತಾನಾಗಿ ಪೆಟ್ರೋಲಿಗೆ ಬೀಳುತ್ತದೆ. ಇದಕ್ಕೆ ಹೊಸ ರೆಡ್ಯೂಸರ್ ಹಾಕಿಸಿ ಸಾವಿರಾರು ರೂಪಾಯಿ ಕಳೆದುಕೊಂಡವರಿದ್ದಾರೆ. ಮೊದಲು ನೋಡಬೇಕಾದದ್ದು ಕೂಲಂಟ್ ಡಬ್ಬಿ.

ಬಂಕಿನ ಕಂಪ್ರೆಸರಿನ ಎಣ್ಣೆ ಅನಿಲದ ಜೊತೆ ಸ್ವಲ್ಪ ಸ್ವಲ್ಪವೇ ಬರುತ್ತದೆ. ಅದನ್ನು ಹಿಡಿಯುವುದು ಗ್ಯಾಸ್ ಫಿಲ್ಟರು. ಸರ್ವಿಸಿನಲ್ಲಿ ಫಿಲ್ಟರ್ ಬದಲಿಸದಿದ್ದರೆ ಎಣ್ಣೆ ಇಂಜೆಕ್ಟರಿಗೆ ಹೋಗಿ ಅಂಟುತ್ತದೆ, ಬೆಳಿಗ್ಗೆ ನಾಲ್ಕು ಸಿಲಿಂಡರಿನ ಎಂಜಿನ್ ಮೂರರಲ್ಲೇ ಓಡುತ್ತ ನಡುಗುತ್ತದೆ. ಸ್ಪಾರ್ಕ್ ಪ್ಲಗ್ಗಿನ ವಿಷಯವೂ ಹೀಗೇ. ಮೀಥೇನಿಗೆ ಕಿಡಿ ಹೊತ್ತಿಸಲು ಹೆಚ್ಚು ವೋಲ್ಟೇಜ್ ಬೇಕು. ಪ್ಲಗ್ಗಿನ ಸಂದು ಅಗಲವಾದಷ್ಟೂ ಅದಕ್ಕೆ ಕರೆಂಟು ಕೊಡುವ ಕಾಯಿಲಿಗೆ ಹೊರೆ, ಕೊನೆಗೆ ಕಾಯಿಲೇ ಸುಡುತ್ತದೆ. ಪೆಟ್ರೋಲಿನಲ್ಲಿ ಚೆನ್ನಾಗಿ ಓಡಿ ಗ್ಯಾಸಿನಲ್ಲಿ ಮಾತ್ರ ಮಿಸ್ ಹೊಡೆಯುವ ಗಾಡಿಯಲ್ಲಿ ಮೊದಲ ಅನುಮಾನ ಪ್ಲಗ್ಗಿನ ಮೇಲೆ ಇರಲಿ.

ಪಿಕಪ್ ಇಲ್ಲ ಎಂಬ ದೂರು ನಿಜವಾದದ್ದೇ. ಮಾರುತಿಯ ಒಂದು ಲೀಟರಿನ ವ್ಯಾಗನಾರ್ ಪೆಟ್ರೋಲಿನಲ್ಲಿ 67 ಅಶ್ವಶಕ್ತಿ ಕೊಟ್ಟರೆ ಗ್ಯಾಸಿನಲ್ಲಿ 57. ಅನಿಲ ತಾನೇ ಜಾಗ ತಿಂದು ಎಂಜಿನ್ನಿಗೆ ಹೋಗುವ ಗಾಳಿಯನ್ನು ತಳ್ಳುತ್ತದೆ, ಕಾರಣ ಅದು. ಮೀಥೇನಿನ ಆಕ್ಟೇನ್ ಸಂಖ್ಯೆ 120ರ ಮೇಲೆ. ಅದಕ್ಕೆಂದೇ ಹೆಚ್ಚು ಒತ್ತುವ ಎಂಜಿನ್ ಮಾಡಿದರೆ ಈ ನಷ್ಟ ಬಹುಪಾಲು ತುಂಬಿಕೊಳ್ಳುತ್ತಿತ್ತು. ಪೆಟ್ರೋಲಿನಲ್ಲೂ ಓಡಬೇಕಾದ ಎಂಜಿನ್ನಿನಲ್ಲಿ ಆ ಸ್ವಾತಂತ್ರ್ಯ ಇಲ್ಲ, ಎರಡು ದೋಣಿಯ ಮೇಲೆ ಕಾಲಿಟ್ಟ ಸ್ಥಿತಿ.

ಪೆಟ್ರೋಲ್ ಟ್ಯಾಂಕನ್ನು ಪೂರ್ತಿ ಒಣಗಿಸಬೇಡಿ. ಪಂಪು ಟ್ಯಾಂಕಿನೊಳಗೆ ಮುಳುಗಿರುತ್ತದೆ, ಅದನ್ನು ತಂಪಾಗಿಡುವುದು ಸುತ್ತಲಿನ ಪೆಟ್ರೋಲೇ. ಕಾಲು ಟ್ಯಾಂಕ್ ಸದಾ ಇರಲಿ, ವಾರಕ್ಕೆ ಹತ್ತು ಹದಿನೈದು ಕಿಲೋಮೀಟರ್ ಪೆಟ್ರೋಲಿನಲ್ಲೇ ಓಡಿಸಿ.

ಇನ್ನು ಹೈಡ್ರೋ ಟೆಸ್ಟ್. ಮೂರು ವರ್ಷಕ್ಕೊಮ್ಮೆ ಕಡ್ಡಾಯ. ಸಿಲಿಂಡರ್ ಬಿಚ್ಚಿ, ನೀರು ತುಂಬಿ, ಓಡಿಸುವ ಒತ್ತಡದ ಒಂದೂ ಮುಕ್ಕಾಲು ಪಟ್ಟಿನ ಹತ್ತಿರ, ಅಂದರೆ 330 ಬಾರಿನ ಮೇಲಕ್ಕೆ ಒತ್ತುತ್ತಾರೆ. ಲೋಹ ಹಿಗ್ಗಿ ವಾಪಸ್ ಬರಬೇಕು. ವಾಪಸ್ ಬಾರದೆ ಉಳಿದ ಹಿಗ್ಗು ಮಿತಿ ಮೀರಿದರೆ ಸಿಲಿಂಡರ್ ಗುಜರಿಗೆ. ಗಾಳಿಯ ಬದಲು ನೀರೇ ಏಕೆ ಎಂದರೆ, ನೀರು ಕುಗ್ಗುವುದಿಲ್ಲ, ಸಿಲಿಂಡರ್ ಒಡೆದರೂ ಸಿಡಿಯದೆ ನೀರು ಸುರಿದು ಸುಮ್ಮನಾಗುತ್ತದೆ. ತೇರ್ಗಡೆಯಾದ ತಾರೀಖಿನ ಪಟ್ಟಿ ಕಾರಿಗೆ ಹಚ್ಚಿರುತ್ತದೆ. ಅವಧಿ ಮುಗಿದಿದ್ದರೆ ಬಂಕಿನವರು ತುಂಬಬಾರದು. ನಮ್ಮ ಕರಾವಳಿ ಮಳೆಯಲ್ಲಿ ಸಿಲಿಂಡರನ್ನು ಹಿಡಿದ ಪಟ್ಟಿಯ ಕೆಳಗಿನ ರಬ್ಬರಿನಲ್ಲಿ ನೀರು ನಿಂತು ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ, ವರ್ಷಕ್ಕೊಮ್ಮೆ ಟಾರ್ಚ್ ಹಾಕಿ ನೋಡಿ.

ಇವಿ: ಕೆಡುವುದು ಕಾರಲ್ಲ, ಗೋಡೆ

ಇವಿ ತಂದವರ ಮೊದಲ ತೊಂದರೆ ಬಹುತೇಕ ಮನೆಯ ವೈರಿಂಗಿನದು. 3.3 ಕಿಲೋವ್ಯಾಟ್ ಚಾರ್ಜರು 230 ವೋಲ್ಟಿನಲ್ಲಿ 14–15 ಆಂಪಿಯರ್ ಎಳೆಯುತ್ತದೆ. 'ಗೀಸರ್ ಪಾಯಿಂಟ್ ಇದೆಯಲ್ಲ, ಸಾಕು' ಎನ್ನುತ್ತಾರೆ. ಗೀಸರು ಹದಿನೈದು ನಿಮಿಷ ಉರಿದು ನಿಲ್ಲುತ್ತದೆ, ಕಾರು ಎಂಟು ಗಂಟೆ ಎಡೆಬಿಡದೆ ಎಳೆಯುತ್ತದೆ. ಮೀಟರ್ ಬೋರ್ಡಿನಿಂದ 20 ಮೀಟರ್ ದೂರಕ್ಕೆ 1.5 ಚದರ ಮಿಲಿಮೀಟರಿನ ತಂತಿ ಎಳೆದಿದ್ದರೆ ಹೋಗಿ ಬರುವ 40 ಮೀಟರಿನ ತಡೆ ಅರ್ಧ ಓಮಿನ ಹತ್ತಿರ. 15 ಆಂಪಿಯರಿಗೆ ಗೋಡೆಯೊಳಗೆ ನೂರು ವ್ಯಾಟಿನ ಬಲ್ಬು ರಾತ್ರಿಯಿಡೀ ಉರಿದಷ್ಟು ಬಿಸಿ. 4 ಚದರ ಮಿಲಿಮೀಟರಿನ ತಾಮ್ರ ಹಾಕಿದರೆ ಅದು 40 ವ್ಯಾಟಿಗೆ ಇಳಿದು ಉದ್ದಕ್ಕೂ ಹಂಚಿಹೋಗುತ್ತದೆ. ಅದಕ್ಕಿಂತ ಅಪಾಯ ಸಡಿಲ ಸ್ಕ್ರೂ. ಸಾಕೆಟ್ಟಿನ ಟರ್ಮಿನಲ್ಲಿನಲ್ಲಿ ಹತ್ತನೇ ಒಂದು ಓಮ್ ತಡೆ ಇದ್ದರೂ ಆ ಒಂದೇ ಬಿಂದುವಿನಲ್ಲಿ 22 ವ್ಯಾಟ್ ಬಿಸಿ. ಟಿವಿ ರಿಪೇರಿಯವರ ಸೋಲ್ಡರಿಂಗ್ ಐರನ್ 25 ವ್ಯಾಟಿನದು, ಸೀಸ ಕರಗಿಸುತ್ತದೆ. ಪ್ಲಾಸ್ಟಿಕ್ ಸಾಕೆಟ್ ಏನಾಗಬೇಡ?

ಹೀಗೆ ಮಾಡಿಸಿ. ಮೀಟರ್ ಬೋರ್ಡಿನಿಂದ ಕಾರಿಗೆಂದೇ ಪ್ರತ್ಯೇಕ ಲೈನು, ನಡುವೆ ಜಾಯಿಂಟ್ ಬೇಡ. 4 ಚದರ ಮಿಲಿಮೀಟರ್ ತಾಮ್ರದ ತಂತಿ, 20 ಆಂಪಿಯರ್ ಎಂಸಿಬಿ, ಕರೆಂಟು ಸೋರಿದರೆ ಲೈನು ಕಡಿಯುವ, 30 ಮಿಲಿಆಂಪಿಯರಿನ ಎ ಟೈಪ್ ಆರ್‌ಸಿಸಿಬಿ. ಸಾಕೆಟ್ಟು ಕಾರ್ಖಾನೆಗಳಲ್ಲಿ ಬಳಸುವ ನೀಲಿ ಬಣ್ಣದ ದುಂಡನೆಯದಾದರೆ ಒಳ್ಳೆಯದು. 7.2 ಕಿಲೋವ್ಯಾಟಿನ ಗೋಡೆ ಚಾರ್ಜರಾದರೆ 32 ಆಂಪಿಯರ್, ತಂತಿ 6 ಚದರ ಮಿಲಿಮೀಟರ್, ದೂರ ಹೆಚ್ಚಿದ್ದರೆ 10, ಎಂಸಿಬಿ 40. ಆಗ ಬೆಸ್ಕಾಂನಲ್ಲೋ ಮೆಸ್ಕಾಂನಲ್ಲೋ ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳಲೇಬೇಕು. ಎರಡೋ ಮೂರೋ ಕಿಲೋವ್ಯಾಟ್ ಮಂಜೂರಾಗಿರುವ ಮನೆಯಲ್ಲಿ ಅದನ್ನು ಹಾಕಿದರೆ ಗೀಸರ್ ಹಾಕಿದ ಕ್ಷಣ ಕತ್ತಲೆ.

'ಬೇರೆಯವರ ಮನೆಯಲ್ಲಿ ಚಾರ್ಜ್ ಆಗುತ್ತೆ, ನಮ್ಮಲ್ಲಿ ಕೆಂಪು ದೀಪ ಬರುತ್ತೆ' ಎಂಬುದು ಅರ್ಥಿಂಗ್ ದೋಷ. ಕಾರಿನ ಚಾರ್ಜರು ಅರ್ಥ್ ಸರಿಯಿಲ್ಲದಿದ್ದರೆ ಶುರುವೇ ಆಗುವುದಿಲ್ಲ. ಮಲ್ಟಿಮೀಟರಿನಲ್ಲಿ ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಅಳೆಯಿರಿ. ಐದು ವೋಲ್ಟಿಗಿಂತ ಹೆಚ್ಚಿದ್ದರೆ ಅರ್ಥ್ ಗುಂಡಿಗೆ ಕೆಲಸ ಇದೆ. ಬೇಸಿಗೆಯಲ್ಲಿ ಒಣಗಿ ಕೆಡುತ್ತದೆ, ಮಳೆಗಾಲದಲ್ಲಿ ತಾನೇ ಸರಿಹೋಗುತ್ತದೆ, ಜನ ಕಾರನ್ನು ಬೈಯುತ್ತಾರೆ.

ಬ್ಯಾಟರಿಯ ಮಾತಿಗೆ ಬರೋಣ. 2001ರಲ್ಲಿ ಬೆಂಗಳೂರಿನಲ್ಲೇ ತಯಾರಾದ ರೇವಾ ಕಾರಿನಲ್ಲಿ ಇದ್ದದ್ದು ಆರು ವೋಲ್ಟಿನ ಎಂಟು ಸೀಸದ ಬ್ಯಾಟರಿ, ಒಮ್ಮೆ ಚಾರ್ಜಿಗೆ ಸುಮಾರು 80 ಕಿಲೋಮೀಟರ್. ಸೀಸದ ಬ್ಯಾಟರಿಯನ್ನು ಪದೇಪದೇ ತಳದವರೆಗೆ ಖಾಲಿ ಮಾಡಿದರೆ ಬೇಗ ಸಾಯುತ್ತದೆ. ಇಂದಿನ ಟಿಯಾಗೋ ಇವಿಯಂಥ ಕಾರಿನಲ್ಲಿ 24 ಯೂನಿಟ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, 2022ರಲ್ಲಿ ಬಂದಾಗ ಕಾಗದದಲ್ಲಿ 315 ಕಿಲೋಮೀಟರ್, ರಸ್ತೆಯಲ್ಲಿ 200. ಬೇರೆ ಲಿಥಿಯಂ ಬ್ಯಾಟರಿಗಳಿಗೆ ದಿನವೂ ಪೂರ್ತಿ ತುಂಬಬೇಡಿ, ಎಂಬತ್ತಕ್ಕೆ ನಿಲ್ಲಿಸಿ ಎನ್ನುತ್ತಾರೆ. ಈ ಫಾಸ್ಫೇಟ್ ಜಾತಿಗೆ ವಾರಕ್ಕೊಮ್ಮೆಯಾದರೂ ನೂರು ಮುಟ್ಟಿಸಬೇಕು. ಅದರ ವೋಲ್ಟೇಜು ಎಂಬತ್ತರಲ್ಲೂ ನಲವತ್ತರಲ್ಲೂ ಹೆಚ್ಚುಕಡಿಮೆ ಒಂದೇ ಇರುವುದರಿಂದ ಎಷ್ಟು ಉಳಿದಿದೆ ಎಂಬ ಲೆಕ್ಕ ಕಾರಿಗೇ ತಪ್ಪುತ್ತದೆ. ನೂರು ಮುಟ್ಟಿದಾಗ ಲೆಕ್ಕ ಸರಿಹೋಗುತ್ತದೆ. ಶೇಕಡ 15 ತೋರಿಸುತ್ತಿದ್ದ ಕಾರು ದಿಢೀರನೆ 3ಕ್ಕೆ ಬಿದ್ದು ರಸ್ತೆಯಲ್ಲಿ ನಿಲ್ಲುವುದು ಹೀಗೇ.

ಇನ್ನೊಂದು ವಿಚಿತ್ರ. ನೂರಾರು ವೋಲ್ಟಿನ ದೊಡ್ಡ ಬ್ಯಾಟರಿ ತುಂಬಿರುತ್ತದೆ, ಕಾರು ಬಾಗಿಲೂ ತೆಗೆಯುವುದಿಲ್ಲ. ಕಾರಣ ಪೆಟ್ರೋಲ್ ಕಾರಿನಲ್ಲಿರುವಂಥದೇ 12 ವೋಲ್ಟಿನ ಚಿಕ್ಕ ಬ್ಯಾಟರಿ. ದೊಡ್ಡ ಬ್ಯಾಟರಿಯ ಸ್ವಿಚ್ಚನ್ನು ಎಳೆದು ಹಿಡಿಯುವುದು ಅದು. ಮೂರು ನಾಲ್ಕು ವರ್ಷಕ್ಕೆ ಅದನ್ನು ಬದಲಿಸಿ, ತಿಂಗಳುಗಟ್ಟಲೆ ಊರಿಗೆ ಹೋಗುವಾಗ ಅದರ ನೆಗೆಟಿವ್ ಬಿಚ್ಚಬಹುದೇ ಎಂದು ಸರ್ವಿಸಿನಲ್ಲಿ ಕೇಳಿಕೊಳ್ಳಿ.

ಶಿರಾಡಿ ಘಾಟಿ

ಬೆಂಗಳೂರು–ಮಂಗಳೂರು ಸುಮಾರು 350 ಕಿಲೋಮೀಟರ್. ಸಿಎನ್‌ಜಿ ಕಾರು ಎಂಟು ಕಿಲೋದಲ್ಲಿ 220 ಓಡಿ ಉಳಿದದ್ದನ್ನು ಪೆಟ್ರೋಲಿನಲ್ಲಿ ಮುಗಿಸುತ್ತದೆ, ಚಿಂತೆ ಇಲ್ಲ. ವಾಪಸ್ ಬರುವಾಗ ಘಾಟಿಯಲ್ಲಿ ನಾಲ್ಕು ಜನ, ಸಾಮಾನು, ಎಸಿ ಇದ್ದರೆ ಪೆಟ್ರೋಲಿಗೆ ಬದಲಿಸಿಕೊಳ್ಳಿ, ಎಂಜಿನ್ನಿಗೂ ನಿಮಗೂ ಹಿತ. ಸಣ್ಣ ಇವಿಗೆ ಹಾಸನದ ಆಸುಪಾಸಿನಲ್ಲಿ ಒಮ್ಮೆ ಚಾರ್ಜ್ ಬೇಕೇ ಬೇಕು. ಜನರನ್ನೂ ಸೇರಿಸಿ 1,400 ಕಿಲೋ ಗಾಡಿಯನ್ನು 800 ಮೀಟರ್ ಎತ್ತಲು ಮೂರು ಯೂನಿಟ್, ನಷ್ಟ ಸೇರಿ ಮೂರೂವರೆ ಬೇಕು. 24 ಯೂನಿಟ್ಟಿನ ಬ್ಯಾಟರಿಯಲ್ಲಿ ಶೇಕಡ 15 ಬರೀ ಎತ್ತರಕ್ಕೇ ಹೋಯಿತು. ಇಳಿಯುವಾಗ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ವಾಪಸ್ ಬರುತ್ತದೆ. ಆದರೆ ಸಕಲೇಶಪುರದಲ್ಲಿ ಕಾಫಿ ಕುಡಿಯುತ್ತ ನೂರಕ್ಕೆ ತುಂಬಿಸಿ ಇಳಿಯಲು ಹೊರಟರೆ ವಾಪಸ್ ಬಂದ ಕರೆಂಟಿಗೆ ಜಾಗವಿಲ್ಲ. ಮೋಟಾರಿನ ತಡೆ ಸಿಗುವುದಿಲ್ಲ, ಘಾಟಿಯುದ್ದಕ್ಕೂ ಬರೀ ಬ್ರೇಕು, ಸುಟ್ಟ ವಾಸನೆ. ಎಂಬತ್ತೈದಕ್ಕೆ ನಿಲ್ಲಿಸಿ ಹೊರಡಿ.

ಇದಕ್ಕೆ ತಿರುಗುಮುರುಗು ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್. ಎರಡು ಗಂಟೆ ಟ್ರಾಫಿಕ್ಕಿನಲ್ಲಿ ಎಸಿ ಹಾಕಿ ಕೂತರೆ ಇವಿಗೆ ಎರಡು ಯೂನಿಟ್ ಖರ್ಚು, ಹದಿನಾಲ್ಕು ರೂಪಾಯಿ. ಎಂಜಿನ್ ಕಾರು ನಿಂತಲ್ಲೇ ಅದರ ಹಲವು ಪಟ್ಟು ಸುಡುತ್ತದೆ.

ಕೇಳಿದ ಪ್ರಶ್ನೆಗಳಲ್ಲಿ ಮೂರು

ಯಾವುದು ಹೆಚ್ಚು ಬೆಂಕಿ ಹಿಡಿಯುತ್ತದೆ? ಹಿಡಿಯುವ ರೀತಿ ಬೇರೆ ಬೇರೆ. ಮೀಥೇನ್ ಗಾಳಿಯಲ್ಲಿ ಶೇಕಡ 5ರಿಂದ 15ರವರೆಗೆ ಬೆರೆತಾಗ ಮಾತ್ರ ಹೊತ್ತುತ್ತದೆ, ಹೊರಗೆ ನಿಂತ ಕಾರಿನಲ್ಲಿ ಮೇಲೆ ಹಾರಿಹೋಗುತ್ತದೆ. ಅಪಾಯ ಇರುವುದು ಮುಚ್ಚಿದ ಗ್ಯಾರೇಜಿನ ಸೂರಿನಡಿ. ಕೊಳೆತ ಮೊಟ್ಟೆಯಂಥ ವಾಸನೆ ಬಂದರೆ ಲೈಟ್ ಸ್ವಿಚ್ ಮುಟ್ಟದೆ ಬಾಗಿಲು ತೆರೆದು, ಸಿಲಿಂಡರಿನ ವಾಲ್ವ್ ಕೈಯಿಂದ ತಿರುಗಿಸಿ ಮುಚ್ಚಿ. ಆ ವಾಲ್ವ್ ಎಲ್ಲಿದೆ ಎಂದು ಇವತ್ತೇ ನೋಡಿಟ್ಟುಕೊಳ್ಳಿ. ಇವಿಯ ಬ್ಯಾಟರಿ ಬೆಂಕಿ ಅಪರೂಪ, ಹೊತ್ತಿದರೆ ಮನೆಯ ಅಗ್ನಿಶಾಮಕ ಡಬ್ಬಿಗೆ ಬಗ್ಗುವುದಿಲ್ಲ, ಆರಿದ ಮೇಲೂ ಗಂಟೆಗಳ ನಂತರ ಮತ್ತೆ ಹೊತ್ತಬಹುದು. ದೂರ ಸರಿದು ಅಗ್ನಿಶಾಮಕ ದಳಕ್ಕೆ 'ಬ್ಯಾಟರಿ ಕಾರು' ಎಂದು ಹೇಳಿಯೇ ಕರೆಯಿರಿ. 2022ರ ಸೆಪ್ಟೆಂಬರಿನ ಬೆಂಗಳೂರು ಪ್ರವಾಹದಂಥ ನೀರಿನಲ್ಲಿ ಮುಳುಗಿದ ಇವಿಯನ್ನು ಒಣಗಿತೆಂದು ಚಾರ್ಜಿಗೆ ಹಾಕಲೇಬೇಡಿ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂಬುದು ಪರೀಕ್ಷೆಯ ಮಾತು, ರಾತ್ರಿಯಿಡೀ ನಿಂತ ಕೆಸರು ನೀರಿಗೆ ಅನ್ವಯಿಸುವುದಿಲ್ಲ.

ಹಳೆ ಪೆಟ್ರೋಲ್ ಕಾರಿಗೆ ಗ್ಯಾಸ್ ಕಿಟ್ ಹಾಕಿಸಬಹುದೇ? ಆ ಮಾದರಿಗೆ ಅನುಮೋದನೆ ಪಡೆದ ಕಿಟ್ ಇದ್ದರೆ, ಆರ್‌ಟಿಒದಲ್ಲಿ ಆರ್‌ಸಿ ತಿದ್ದಿಸಿದರೆ, ವಿಮಾ ಕಂಪನಿಗೆ ತಿಳಿಸಿದರೆ ಆಗಬಹುದು. ಈ ಮೂರರಲ್ಲಿ ಒಂದು ಬಿಟ್ಟರೂ ಅಪಘಾತದ ದಿನ ಕ್ಲೇಮಿಗೆ ತಕರಾರು ಬರುತ್ತದೆ. ಇನ್ನೊಂದು ಎಚ್ಚರ: ಗ್ಯಾಸು ಒಣ ಇಂಧನ, ಎಂಜಿನ್ನಿನ ವಾಲ್ವು ಬಂದು ಕೂರುವ ಸೀಟು ಬೇಗ ಸವೆಯುತ್ತದೆ. ಕಂಪನಿಯ ಸಿಎನ್‌ಜಿ ಎಂಜಿನ್ನಿನಲ್ಲಿ ಅಲ್ಲಿ ಗಟ್ಟಿ ಲೋಹ ಇರುತ್ತದೆ, ಬೇರೆಯದರಲ್ಲಿ ಇರಲಿಕ್ಕಿಲ್ಲ. ಅಂಥ ಗಾಡಿಯಲ್ಲಿ ವಾಲ್ವ್ ಕ್ಲಿಯರೆನ್ಸ್ ಆಗಾಗ ನೋಡಿಸದಿದ್ದರೆ ಕಂಪ್ರೆಷನ್ ಹೋಗಿ ಹೆಡ್ ಬಿಚ್ಚುವ ಖರ್ಚು, ಉಳಿಸಿದ ದುಡ್ಡೆಲ್ಲ ಅಲ್ಲಿಗೇ.

ಸೆಕೆಂಡ್ ಹ್ಯಾಂಡ್ ಇವಿಯ ಬ್ಯಾಟರಿ ಹೇಗಿದೆ ಎಂದು ತಿಳಿಯುವುದು ಹೇಗೆ? ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿ ಆರೋಗ್ಯದ ವರದಿ ಕೇಳಿ. ಅದರ ಜೊತೆಗೆ ನೀವೇ ಒಂದು ಪರೀಕ್ಷೆ ಮಾಡಬಹುದು. ಮಾಲೀಕರನ್ನು ಒಪ್ಪಿಸಿ ಕಾರನ್ನು ಶೇಕಡ 20ಕ್ಕೆ ಇಳಿಸಿ, ಆನ್‌ಲೈನಿನಲ್ಲಿ ಸಿಗುವ 16 ಆಂಪಿಯರಿನ ಪ್ಲಗ್ ಮೀಟರ್ ನಡುವೆ ಸಿಕ್ಕಿಸಿ ನೂರಕ್ಕೆ ಚಾರ್ಜ್ ಮಾಡಿ. 24 ಯೂನಿಟ್ಟಿನ ಬ್ಯಾಟರಿಯಾದರೆ ಒಳಗೆ ಹೋಗಬೇಕಾದದ್ದು 19, ನಷ್ಟ ಸೇರಿ ಮೀಟರು 22ರ ಹತ್ತಿರ ತೋರಿಸಬೇಕು. ಹದಿನೇಳೂವರೆಗೇ ನೂರು ಮುಟ್ಟಿತು ಎಂದರೆ ಬ್ಯಾಟರಿ ಐದರಲ್ಲಿ ಒಂದು ಪಾಲು ಕುಗ್ಗಿದೆ. ಎಂಟು ವರ್ಷ, 1,60,000 ಕಿಲೋಮೀಟರಿನ ವಾರಂಟಿಯಲ್ಲಿ ಎಷ್ಟು ಉಳಿದಿದೆ, ಅದು ಎರಡನೇ ಮಾಲೀಕರಿಗೂ ದಾಟುತ್ತದೆಯೇ ಎಂದು ಬರಹದಲ್ಲಿ ಪಡೆದು, ಆಮೇಲೆ ಬೆಲೆಗೆ ಕೂತುಕೊಳ್ಳಿ.